ಎನರ್ಜಿ ಆಡಿಟ್ ಕಡ್ಡಾಯ ಎಂಬ ಪತ್ರ: ನಮ್ಮ ಗಿರಣಿ, ಭಟ್ಟಿ, ವಾಷಿಂಗ್ ಘಟಕಗಳಿಗೆ ಕಾನೂನು ನಿಜವಾಗಿ ಹೇಳುವುದೇನು?

ಕಾರಟಗಿ ರೈಸ್‌ಮಿಲ್

ಎಲ್ಲರಿಗೂ ನಮಸ್ಕಾರ. ಕಾರಟಗಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸಂಪರ್ಕ, ಕರಾರಿನ ಬೇಡಿಕೆ (ಒಮ್ಮೆಗೆ ಎಳೆಯಲು ಒಪ್ಪಿದ ಗರಿಷ್ಠ ಹೊರೆ) 250 ಕೆವಿಎ, ತಿಂಗಳಿಗೆ ಸರಾಸರಿ 60,000 ಯೂನಿಟ್ ಬಳಕೆ. ಭತ್ತ ಬೇಯಿಸಲು ಮತ್ತು ಒಣಗಿಸಲು ಹೊಟ್ಟು ಉರಿಸುವ ಬಾಯ್ಲರ್ ಇದೆ. ಕಳೆದ ವಾರ ಹೊರರಾಜ್ಯದ ಒಂದು ಸಲಹಾ ಸಂಸ್ಥೆಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂದಿತು. ಮೇಲ್ಭಾಗದಲ್ಲಿ ಸರ್ಕಾರಿ ಲಾಂಛನವನ್ನು ಹೋಲುವ ಒಂದು ಮುದ್ರೆ ಇದೆ. ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ 30 ದಿನಗಳೊಳಗೆ ಎನರ್ಜಿ ಆಡಿಟ್, ಅಂದರೆ ಇಂಧನ ಬಳಕೆಯ ತಪಾಸಣೆ, ಮಾಡಿಸಬೇಕು, ತಪ್ಪಿದರೆ 10 ಲಕ್ಷ ರೂಪಾಯಿ ದಂಡ ಬೀಳುತ್ತದೆ, ಅದಕ್ಕಾಗಿ ತಮ್ಮ ಶುಲ್ಕದ ಅರ್ಧವನ್ನು ಮುಂಗಡವಾಗಿ ಕಳುಹಿಸಬೇಕು ಎಂದು ಬರೆದಿದ್ದಾರೆ.

ನಮ್ಮ ಪಕ್ಕದ ಇಬ್ಬರು ಮಿಲ್ಲಿನವರು ಹೆದರಿ ಹಣ ಕಟ್ಟಿಯೂ ಆಗಿದೆ. ಅವರಿಗೆ ಬಂದ ವರದಿಗಳನ್ನು ಕೇಳಿ ಪಡೆದು ಓದಿದೆ. ಎರಡು ವರದಿಗಳಲ್ಲಿಯೂ ಮೋಟಾರುಗಳ ಪಟ್ಟಿ ಒಂದೇ, ಅವುಗಳ ಅಶ್ವಶಕ್ತಿಯೂ ಒಂದೇ. ಅದಕ್ಕಿಂತ ಹೆಚ್ಚಾಗಿ, ಇಬ್ಬರಲ್ಲಿ ಯಾರ ಗಿರಣಿಯಲ್ಲಿಯೂ ಇಲ್ಲದ ಒಂದು ಚಿಲ್ಲರ್ (ನೀರು ತಣಿಸುವ) ಯಂತ್ರದಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಉಳಿಸಬಹುದೆಂದು ಕೋಷ್ಟಕ ಸಹಿತ ತೋರಿಸಿದ್ದಾರೆ. ಅಳತೆ ಮಾಡಲು ಯಾರಾದರೂ ಬಂದಿದ್ದರೇ ಎಂದು ಕೇಳಿದರೆ, ಒಬ್ಬ ಹುಡುಗ ಬಂದು ಕರೆಂಟ್ ಬಿಲ್ಲಿನ ಫೋಟೋ ತೆಗೆದುಕೊಂಡು ಹೋದ ಎಂದರು.

ನನ್ನ ಪ್ರಶ್ನೆಗಳು ಎರಡು. ನಮ್ಮಂಥ ಗಿರಣಿಗೆ ಆಡಿಟ್ ನಿಜಕ್ಕೂ ಕಡ್ಡಾಯವೇ? ಕಡ್ಡಾಯವಲ್ಲದಿದ್ದರೂ ಮಾಡಿಸಿದರೆ ಪ್ರಯೋಜನ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಶಕ್ತಿನಗರ ನಿವೃತ್ತ

ಗಿರಣಿಯ ಮಾಲೀಕರೇ, ಮೊದಲು ಮುಂಗಡ ಕಳುಹಿಸುವುದನ್ನು ನಿಲ್ಲಿಸಿ, ಆಮೇಲೆ ನಿಧಾನವಾಗಿ ಇದನ್ನು ಓದಿ. ನಾನು ಉಷ್ಣ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತನಾದವನು. ಈ ಕಾಯ್ದೆಯ ಕಾಗದಪತ್ರಗಳ ಜೊತೆ ವರ್ಷಗಟ್ಟಲೆ ಏಗಿದ್ದೇನೆ.

ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಅಂಗೀಕಾರವಾಗಿ 2002ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅದೇ ದಿನ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಸ್ಥಾಪನೆಯಾಯಿತು. 2010ರಲ್ಲಿ ಮತ್ತು 2022ರಲ್ಲಿ ಕಾಯ್ದೆಗೆ ತಿದ್ದುಪಡಿಗಳಾಗಿವೆ. ನಮ್ಮ ರಾಜ್ಯದಲ್ಲಿ ಇದನ್ನು ಜಾರಿಗೊಳಿಸಲು ಗೊತ್ತುಪಡಿಸಿದ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಈ ಕಾಯ್ದೆ ಕರೆಂಟ್ ಬಳಸುವ ಎಲ್ಲರ ಮೇಲೂ ಆಡಿಟ್ಟನ್ನು ಹೇರುವುದಿಲ್ಲ. ಅನುಸೂಚಿಯಲ್ಲಿ ಹೆಚ್ಚು ಇಂಧನ ಬಳಸುವ 15 ಬಗೆಯ ಉದ್ಯಮಗಳ ಹೆಸರಿದೆ: ಅಲ್ಯೂಮಿನಿಯಂ, ರಸಗೊಬ್ಬರ, ಕಬ್ಬಿಣ ಮತ್ತು ಉಕ್ಕು, ಸಿಮೆಂಟ್, ಕಾಗದ, ಸಕ್ಕರೆ, ಜವಳಿ, ರೈಲ್ವೆ, ವಿದ್ಯುತ್ ಸ್ಥಾವರಗಳು, ವಾಣಿಜ್ಯ ಕಟ್ಟಡಗಳು ಹೀಗೆ. ಇವುಗಳಲ್ಲಿಯೂ ಒಂದು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಂಧನ ಬಳಸುವವರನ್ನು ಮಾತ್ರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ‘ಡೆಸಿಗ್ನೇಟೆಡ್ ಕನ್ಸ್ಯೂಮರ್’ (ಗೊತ್ತುಪಡಿಸಿದ ಬಳಕೆದಾರ) ಎಂದು ಘೋಷಿಸುತ್ತದೆ. ಎನರ್ಜಿ ಮ್ಯಾನೇಜರ್ ನೇಮಕ, ವಾರ್ಷಿಕ ವಿವರ ಸಲ್ಲಿಕೆ, ಕಡ್ಡಾಯ ಆಡಿಟ್ ಈ ಮೂರೂ ಅಂಟಿಕೊಳ್ಳುವುದು ಆ ಪಟ್ಟಿಯವರಿಗೆ. ಅಕ್ಕಿ ಗಿರಣಿ ಎಂಬ ಉದ್ಯಮವೇ ಅನುಸೂಚಿಯಲ್ಲಿ ಇಲ್ಲ.

ಪ್ರಮಾಣದ ಲೆಕ್ಕವನ್ನೂ ನೋಡಿಬಿಡೋಣ, ಏಕೆಂದರೆ ಹೆದರಿಸುವವರು ಇದನ್ನು ಎಂದೂ ಬಿಡಿಸಿ ಹೇಳುವುದಿಲ್ಲ. ಕಾಯ್ದೆಯ ಅಳತೆಗೋಲು ಯೂನಿಟ್ ಅಲ್ಲ, ತೈಲಕ್ಕೆ ಸಮನಾದ ಟನ್. ಬರವಣಿಗೆಯಲ್ಲಿ ಟಿಒಇ ಎನ್ನುತ್ತಾರೆ. ಒಂದು ಟಿಒಇ ಎಂದರೆ 1 ಕೋಟಿ ಕಿಲೋಕ್ಯಾಲರಿ. ಒಂದು ಯೂನಿಟ್ ವಿದ್ಯುತ್ತಿಗೆ 860 ಕಿಲೋಕ್ಯಾಲರಿ ಹಿಡಿಯುವುದರಿಂದ, ಸುಮಾರು 11,630 ಯೂನಿಟ್‌ಗೆ ಒಂದು ಟಿಒಇ ಆಗುತ್ತದೆ. ನಿಮ್ಮ ಬಳಕೆ ತಿಂಗಳಿಗೆ 60,000 ಎಂದರೆ ವರ್ಷಕ್ಕೆ 7.2 ಲಕ್ಷ ಯೂನಿಟ್, ಅಂದರೆ ಸುಮಾರು 62 ಟಿಒಇ. ದಿನಕ್ಕೆ 10 ಟನ್ ಹೊಟ್ಟನ್ನು ವರ್ಷದಲ್ಲಿ 300 ದಿನ ಉರಿಸುತ್ತೀರಿ ಎಂದು ಧಾರಾಳವಾಗಿಯೇ ಹಿಡಿದು, ಕಿಲೋಗೆ 3,000 ಕಿಲೋಕ್ಯಾಲರಿಯಂತೆ ಸೇರಿಸಿದರೂ ಮತ್ತೆ 900 ಬರುತ್ತದೆ. ಎರಡೂ ಕೂಡಿ ಸಾವಿರವೂ ದಾಟುವುದಿಲ್ಲ. ಜವಳಿಗೆ ಗೊತ್ತುಪಡಿಸಿದ ಮಿತಿ 3,000 ಟಿಒಇ. ಸಿಮೆಂಟಿಗೆ, ಉಷ್ಣ ಸ್ಥಾವರಕ್ಕೆ 2007ರಲ್ಲಿ ಇಟ್ಟದ್ದು 30,000. ಅಂದರೆ 30,000ದ ಮಿತಿ ವಿದ್ಯುತ್ತಿನಿಂದಲೇ ತುಂಬಬೇಕಾದರೆ ವರ್ಷಕ್ಕೆ ಸುಮಾರು 35 ಕೋಟಿ ಯೂನಿಟ್ ಬೇಕು.

ದಂಡದ ವಿಷಯ. 10 ಲಕ್ಷದ ಮಾತು ಸುಳ್ಳಲ್ಲ, 2010ರ ತಿದ್ದುಪಡಿಯಲ್ಲಿ ಬಂದ ಮೊತ್ತ ಅದು. ಆದರೆ ಅದನ್ನು ವಿಧಿಸಬೇಕಾದವರು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತನ್ನ ಸದಸ್ಯರಲ್ಲಿ ಒಬ್ಬರನ್ನು ನೇಮಿಸುವ ನ್ಯಾಯನಿರ್ಣಯ ಅಧಿಕಾರಿ. ಅವರೂ ವಿಚಾರಣೆ ನಡೆಸಿ, ನಿಮ್ಮ ಅಹವಾಲು ಕೇಳಿದ ಮೇಲೆಯೇ ಆದೇಶ ಮಾಡಬೇಕು. ತಪಾಸಣೆಗೆ ಬರುವ ಅಧಿಕಾರವೂ ರಾಜ್ಯದ ಗೊತ್ತುಪಡಿಸಿದ ಸಂಸ್ಥೆ ನೇಮಿಸಿದ ಅಧಿಕಾರಿಗೆ ಮಾತ್ರ. ಖಾಸಗಿ ಸಲಹಾ ಸಂಸ್ಥೆಗೆ ನೋಟಿಸು ಕೊಡುವ ಅಧಿಕಾರವೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುವವರೆಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ.

ಗಿಣಿಗೇರಾ ಭಟ್ಟಿ

ಹಿರಿಯರು ಹೇಳಿದ್ದು ಸರಿ. ಆದರೆ ಇದನ್ನು ಓದಿ ನಮ್ಮ ಭಾಗದ ಸ್ಪಾಂಜ್ ಐರನ್ (ಕಲ್ಲಿದ್ದಲು ಬಳಸಿ ಅದಿರನ್ನು ಕಬ್ಬಿಣವಾಗಿಸುವ) ಘಟಕದವರು ಯಾರೂ ನಿಶ್ಚಿಂತರಾಗಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನಾನು ಕೊಪ್ಪಳದ ಹತ್ತಿರದ ಒಂದು ಘಟಕದಲ್ಲಿ ಎನರ್ಜಿ ಮ್ಯಾನೇಜರ್ ಆಗಿದ್ದೇನೆ.

ಬಳ್ಳಾರಿ ಮತ್ತು ಕೊಪ್ಪಳದ ಅನೇಕ ಮಾಲೀಕರು ‘ನಮ್ಮ ಕರೆಂಟ್ ಬಿಲ್ಲು ಎಷ್ಟರದು ಮಹಾ, ನಾವು ಆ ಪಟ್ಟಿಗೆ ಹೇಗೆ ಸೇರುತ್ತೇವೆ’ ಎಂದು ಕೇಳುವುದನ್ನು ಸಭೆಗಳಲ್ಲಿ ಕೇಳಿದ್ದೇನೆ. ಸ್ಪಾಂಜ್ ಐರನ್ನಿನಲ್ಲಿ ಕರೆಂಟ್ ಬಿಲ್ಲು ಚಿಕ್ಕ ಭಾಗ. ಲೆಕ್ಕ ತುಂಬುವುದು ಕಲ್ಲಿದ್ದಲು. ದಿನಕ್ಕೆ 100 ಟನ್ ಸಾಮರ್ಥ್ಯದ ಒಂದು ಭಟ್ಟಿ ವರ್ಷಕ್ಕೆ 300 ದಿನ ನಡೆದರೆ 30,000 ಟನ್ ಉತ್ಪನ್ನ. ಟನ್ನಿಗೆ 1.3 ಟನ್ ಕಲ್ಲಿದ್ದಲು, ಕಿಲೋಗೆ 5,000 ಕಿಲೋಕ್ಯಾಲರಿ ಎಂದು ಹಿಡಿದು ಗುಣಿಸಿ ನೋಡಿ: 19,500 ಟಿಒಇ ಕಲ್ಲಿದ್ದಲಿನಿಂದಲೇ ಬರುತ್ತದೆ. ಅಂಥ ಎರಡು ಭಟ್ಟಿ ಇದ್ದರೆ 2007ರಲ್ಲಿ ಉಕ್ಕಿನ ವಲಯಕ್ಕೆ ಇಟ್ಟಿದ್ದ 30,000ದ ಗೆರೆಯನ್ನು ಸಲೀಸಾಗಿ ದಾಟಿದಂತೆ. ಆಮೇಲೆ ಕೆಲವು ವಲಯಗಳ ಮಿತಿಯನ್ನು ಇಳಿಸಿದ್ದಾರೆ. ಆದ್ದರಿಂದ ಹಳೆಯ ಕಾಗದ ನಂಬಿ ಕೂರದೆ, ಚಾಲ್ತಿಯಲ್ಲಿರುವ ಅಧಿಸೂಚನೆಯನ್ನು ಬಿಇಇ ಜಾಲತಾಣದಲ್ಲಿ ಪ್ರತಿ ವರ್ಷ ತೆರೆದು ನೋಡುವುದು ಮಾಲೀಕರ ಕೆಲಸ.

ಪಟ್ಟಿಗೆ ಸೇರಿದ ಮೇಲೆ ಏನು ಮಾಡಬೇಕೆಂಬುದನ್ನೂ ಹೇಳುತ್ತೇನೆ. ಬಿಇಇ ನಡೆಸುವ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ವ್ಯಕ್ತಿಯನ್ನೇ ಎನರ್ಜಿ ಮ್ಯಾನೇಜರ್ ಆಗಿ ನೇಮಿಸಿಕೊಳ್ಳಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಳಕೆ ಮತ್ತು ಉತ್ಪಾದನೆಯ ವಿವರವನ್ನು ಜೂನ್ 30ರೊಳಗೆ ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕು. 2010ರ ನಿಯಮಾವಳಿಯಂತೆ ಮೊದಲ ಆಡಿಟ್ ಅಧಿಸೂಚನೆಯ ನಂತರ 18 ತಿಂಗಳೊಳಗೆ ಆಗಬೇಕು, ಅನಂತರ ಹಿಂದಿನ ವರದಿ ಸಲ್ಲಿಸಿದ ದಿನದಿಂದ ಮೂರು ವರ್ಷಕ್ಕೊಮ್ಮೆ. ಇದಲ್ಲದೆ 2012ರಲ್ಲಿ ಆರಂಭವಾದ, ಇಂಧನ ಉಳಿತಾಯದ ಗುರಿ ಕೊಡುವ ಪ್ಯಾಟ್ ಯೋಜನೆ ಇದೆ. ಅದರ ಮೊದಲ ಸುತ್ತಿನಲ್ಲಿ 8 ವಲಯಗಳ 478 ಘಟಕಗಳಿಗೆ ಪ್ರತಿ ಟನ್ ಉತ್ಪಾದನೆಗೆ ಇಷ್ಟೇ ಇಂಧನ ಎಂಬ ಗುರಿ ಕೊಟ್ಟರು. ಗುರಿಗಿಂತ ಹೆಚ್ಚು ಉಳಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಒಂದು ಪ್ರಮಾಣಪತ್ರಕ್ಕೆ ಒಂದು ಟಿಒಇ. ಗುರಿ ಮುಟ್ಟದವರು ಅದನ್ನು ಕೊಂಡು ಕೊರತೆ ತುಂಬಬೇಕು. 2023ರಲ್ಲಿ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆ ಈಗ ವಲಯ ವಲಯವಾಗಿ ಅದರ ಜಾಗಕ್ಕೆ ಬರುತ್ತಿದೆ. ಅಲ್ಲಿ ಲೆಕ್ಕ ಇಂಧನದ್ದಲ್ಲ, ಹೊಗೆಯಲ್ಲಿ ಹೋಗುವ ಇಂಗಾಲದ್ದು.

ನಮ್ಮ ಕೆಲಸದಲ್ಲಿ ಕಷ್ಟವೆನಿಸುವುದು ಆಡಿಟರ್ ಬರುವ ದಿನವಲ್ಲ, ಅದರ ಹಿಂದಿನ ವರ್ಷವಿಡೀ ನಡೆಯಬೇಕಾದ ದಾಖಲೆ. ಕಲ್ಲಿದ್ದಲಿನ ಪ್ರತಿ ಲಾಟಿನ ಕ್ಯಾಲರಿ ಮೌಲ್ಯ ಬೇರೆ, ತೇವಾಂಶ ಬೇರೆ. ಮಳೆಗಾಲದಲ್ಲಿ ಯಾರ್ಡಿನಲ್ಲಿ ನೆನೆದ ಕಲ್ಲಿದ್ದಲನ್ನು ವೇಬ್ರಿಡ್ಜಿನಲ್ಲಿ ತೂಗಿ ಹಾಗೆಯೇ ಬರೆದುಕೊಂಡರೆ ನೀರನ್ನೂ ಇಂಧನವೆಂದು ಬರೆದಂತಾಗುತ್ತದೆ, ಆಮೇಲೆ ವರ್ಷಾಂತ್ಯದಲ್ಲಿ ಗುರಿ ತಪ್ಪಿದೆ ಎಂದು ತಲೆ ಕೆರೆದುಕೊಳ್ಳಬೇಕು.

ಬಳ್ಳಾರಿ ಜೀನ್ಸ್ ವಾಷಿಂಗ್

ನಮ್ಮದು ಜೀನ್ಸ್ ತೊಳೆಯುವ ಸಣ್ಣ ಘಟಕ. ಜವಳಿ ಎಂಬ ಪದ ಅನುಸೂಚಿಯಲ್ಲಿ ಇದೆ ಎಂದು ಓದಿ ಎದೆ ಧಸಕ್ಕೆಂದಿತು. 3,000 ಟಿಒಇ ಎಂದರೆ ವಿದ್ಯುತ್ತಿನಲ್ಲಿ ಸುಮಾರು 3.5 ಕೋಟಿ ಯೂನಿಟ್ ಎಂದು ಗುಣಿಸಿ ನೋಡಿದ ಮೇಲೆ ಸಮಾಧಾನವಾಯಿತು. ನಮ್ಮ ಇಡೀ ಓಣಿಯ ಘಟಕಗಳನ್ನು ಒಟ್ಟು ಹಾಕಿದರೂ ಅಷ್ಟಾಗುವುದಿಲ್ಲ.

ಆದರೆ ನನಗೆ ಇನ್ನೊಂದು ಗೊಂದಲವಿದೆ. ಎರಡು ವರ್ಷದ ಹಿಂದೆ ‘ಆಡಿಟ್’ ಎಂದು ಹೇಳಿಯೇ ಒಬ್ಬರು ಬಂದು ಅರ್ಥಿಂಗ್ ಪರೀಕ್ಷೆ ಮಾಡಿ ಕಾಗದ ಕೊಟ್ಟು ಹೋದರು. ಬಾಯ್ಲರಿಗೆ ಪ್ರತಿ ವರ್ಷ ಬೇರೆ ತಪಾಸಣೆ ಇದೆ. ಇವೆಲ್ಲ ಒಂದೇ ಆಡಿಟ್ಟಿನ ಭಾಗಗಳೇ, ಬೇರೆ ಬೇರೆಯೇ?

ಶಕ್ತಿನಗರ ನಿವೃತ್ತ

ಬೇರೆ ಬೇರೆ, ಮತ್ತು ಈ ಗೊಂದಲವೇ ಪತ್ರ ಬರೆಯುವವರ ಬಂಡವಾಳ. ಅರ್ಥಿಂಗ್, ಇನ್ಸುಲೇಷನ್, ಟ್ರಾನ್ಸ್‌ಫಾರ್ಮರ್ ಬೇಲಿ ಇತ್ಯಾದಿಗಳನ್ನು ನೋಡುವುದು ವಿದ್ಯುತ್ ಸುರಕ್ಷತೆಯ ತಪಾಸಣೆ. ಅದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿ. ಉಗಿ ಬಾಯ್ಲರಿನ ಪ್ರಮಾಣಪತ್ರ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯದು. ಇವೆರಡಕ್ಕೂ ಘಟಕದ ಗಾತ್ರ ಚಿಕ್ಕದೆಂಬ ಕಾರಣಕ್ಕೆ ಬೆನ್ನು ತಿರುಗಿಸಬೇಡಿ. ಅವು ಜೀವದ ಪ್ರಶ್ನೆ. ಎನರ್ಜಿ ಆಡಿಟ್ ಎಂದರೆ ಕಾಯ್ದೆಯೇ ವಿವರಿಸುವಂತೆ, ಇಂಧನ ಬಳಕೆಯನ್ನು ಪರಿಶೀಲಿಸಿ, ನಿಗಾ ಇಟ್ಟು, ವಿಶ್ಲೇಷಿಸಿ, ದಕ್ಷತೆ ಹೆಚ್ಚಿಸುವ ಶಿಫಾರಸುಗಳನ್ನು ವೆಚ್ಚ ಮತ್ತು ಲಾಭದ ಲೆಕ್ಕದೊಡನೆ, ಕಾರ್ಯಯೋಜನೆಯೊಡನೆ ತಾಂತ್ರಿಕ ವರದಿಯಾಗಿ ಕೊಡುವುದು. ಕಾರಟಗಿಯವರು ಓದಿದ ಆ ಎರಡು ವರದಿಗಳಲ್ಲಿ ಇದರಲ್ಲಿ ಯಾವುದಿದೆ ಎಂದು ಅವರೇ ಹೇಳಲಿ.

ಜೊತೆಗೆ ಇನ್ನೊಂದು ಮಾತು. ಪರೀಕ್ಷೆ ಪಾಸಾದ ಆಡಿಟರ್ ಬೇರೆ, ಬಿಇಇ ಮಾನ್ಯತೆ ಪಡೆದ ಆಡಿಟರ್ ಬೇರೆ. ನಾಲ್ಕು ಪತ್ರಿಕೆಗಳ ಪರೀಕ್ಷೆ ಮುಗಿಸಿದವರು ಸರ್ಟಿಫೈಡ್. ಅದರ ಮೇಲೆ ವರ್ಷಗಳ ಆಡಿಟ್ ಅನುಭವವಿದ್ದು ಬ್ಯೂರೋದ ಸಮಿತಿಯ ಮುಂದೆ ಹೋಗಿ ಬಂದವರು ಅಕ್ರೆಡಿಟೆಡ್. ಕಡ್ಡಾಯ ಆಡಿಟ್ಟಿಗೆ ಸಹಿ ಹಾಕಬೇಕಾದವರು ಎರಡನೆಯವರು, ಅವರ ಹೆಸರುಗಳ ಪಟ್ಟಿ ಸಾರ್ವಜನಿಕವಾಗಿಯೇ ಇದೆ. ಪತ್ರ ಬರೆದವರ ನೋಂದಣಿ ಸಂಖ್ಯೆ ಕೇಳಿ, ಪಟ್ಟಿಯಲ್ಲಿ ಹುಡುಕಿ.

ಗಾಂಧಿನಗರ ಬಳ್ಳಾರಿ

ಕಟ್ಟಡಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಒಂದೆರಡು ಸಾಲು. ಆಸ್ಪತ್ರೆ, ಹೋಟೆಲ್, ಮಳಿಗೆ ಸಮುಚ್ಚಯ ಹೊಸದಾಗಿ ಕಟ್ಟುವವರಿಗೆ ಬೇರೆ ನಿಯಮವಿದೆ. ಸಂಪರ್ಕಿತ ಹೊರೆ 100 ಕಿಲೋವ್ಯಾಟ್ ಅಥವಾ ಕರಾರಿನ ಬೇಡಿಕೆ 120 ಕೆವಿಎ ಮುಟ್ಟಿದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. 2010ಕ್ಕೆ ಮೊದಲು ಈ ಮಿತಿ 500 ಮತ್ತು 600 ಇತ್ತು. ಪಶ್ಚಿಮಕ್ಕೆ ಗೋಡೆಯುದ್ದಕ್ಕೂ ಗಾಜು ಹಾಕಿ, ಆಮೇಲೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಏಸಿ ಮೇಲೆ ಏಸಿ ಕೂರಿಸುವ ನಕ್ಷೆಗಳನ್ನು ಪ್ರತಿ ವಾರ ನೋಡುತ್ತೇನೆ. ನಕ್ಷೆಯ ಹಂತದಲ್ಲಿಯೇ ಕೇಳಿಕೊಳ್ಳಬೇಕಾದ ವಿಷಯ ಇದು.

ರಾಯಚೂರು ಆಡಿಟರ್

ನಾನು ಪರೀಕ್ಷೆ ಮುಗಿಸಿದ ಆಡಿಟರ್. ರಾಯಚೂರು, ಮಾನ್ವಿ, ಸಿಂಧನೂರು ಭಾಗದ ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವ) ಮತ್ತು ಅಕ್ಕಿ ಗಿರಣಿಗಳಲ್ಲಿ ಹೆಚ್ಚಾಗಿ ಕೆಲಸ ಮಾಡುತ್ತೇನೆ. ಕಾರಟಗಿಯವರ ಎರಡನೆಯ ಪ್ರಶ್ನೆಗೆ, ಅಂದರೆ ಕಡ್ಡಾಯವಲ್ಲದಿದ್ದರೂ ಪ್ರಯೋಜನವಿದೆಯೇ ಎಂಬುದಕ್ಕೆ, ಉತ್ತರ ಕೊಡುವುದು ನನ್ನ ವ್ಯಾಪಾರದ ಹಿತಕ್ಕೂ ಹೊಂದುತ್ತದೆ ಎಂಬುದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಅಕ್ಕಿ ಗಿರಣಿಯಲ್ಲಿ ನಾನು ಮೊದಲು ಹೋಗಿ ನಿಲ್ಲುವ ಜಾಗ ಸಾರ್ಟೆಕ್ಸ್ ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರ್. ಕೆಂಪು ಕಾಳು, ಕಪ್ಪು ಕಾಳುಗಳನ್ನು ಊದಿ ಬೇರ್ಪಡಿಸಲು ಆ ಯಂತ್ರಕ್ಕೆ ಒತ್ತಡದ ಗಾಳಿ ಬೇಕು, ಆದ್ದರಿಂದ ಅದು ಗಿರಣಿ ನಡೆಯುವಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ಗಿರಣಿ ನಿಂತ ಮೇಲೆ ಗಾಳಿ ಬಳಸುವ ಯಂತ್ರಗಳನ್ನೆಲ್ಲ ಬಂದ್ ಮಾಡಿಸಿ, ಕಂಪ್ರೆಸರನ್ನು ಮಾತ್ರ ಚಾಲೂ ಇಟ್ಟು, ಗಡಿಯಾರ ಹಿಡಿದು ನಿಲ್ಲುತ್ತೇನೆ. ಯಾರೂ ಗಾಳಿ ಬಳಸುತ್ತಿಲ್ಲ ಎಂದಾದರೆ ಒತ್ತಡ ತುಂಬಿದ ಮೇಲೆ ಅದು ಹೊರೆ ಎತ್ತಲೇಬಾರದು. ಆದರೆ ಸ್ವಲ್ಪ ಹೊತ್ತಿಗೆ ಅದರ ಸದ್ದು ಬದಲಾಗಿ ಮತ್ತೆ ಗಾಳಿ ತುಂಬಲು ಆರಂಭಿಸುತ್ತದೆ. ಒಂದೂವರೆ ನಿಮಿಷ ಹೊರೆಯಲ್ಲಿ, ನಾಲ್ಕೂವರೆ ನಿಮಿಷ ಬರಿದೇ ಓಡಿದರೆ, ಆರು ನಿಮಿಷದಲ್ಲಿ ಒಂದೂವರೆ ನಿಮಿಷ, ಅಂದರೆ ಯಂತ್ರದ ಸಾಮರ್ಥ್ಯದ ಶೇ. 25ರಷ್ಟು ಗಾಳಿ ಪೈಪಿನ ಸೋರಿಕೆಗೇ ಹೋಗುತ್ತಿದೆ ಎಂದು ಅರ್ಥ. ಇದಕ್ಕೆ ಯಾವ ದುಬಾರಿ ಉಪಕರಣವೂ ಬೇಡ. ಆಮೇಲೆ ಸೋಪಿನ ನೊರೆಯನ್ನು ಪೈಪಿನ ಕೀಲುಗಳಿಗೆ ಹಚ್ಚಿದರೆ ಗುಳ್ಳೆ ಏಳುವ ಕಡೆಯೆಲ್ಲ ಸೋರಿಕೆ. ಹೆಚ್ಚಾಗಿ ಸಿಗುವುದು ರಬ್ಬರ್ ಪೈಪಿಗೆ ಕ್ಲಿಪ್ ಬದಲು ತಂತಿ ಸುತ್ತಿದ ಕಡೆ.

ಅದೇ ಕಂಪ್ರೆಸರ್ ಗಾಳಿಯನ್ನು ಎಲ್ಲಿಂದ ಎಳೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಒಳಬರುವ ಗಾಳಿಯ ಉಷ್ಣತೆ 4 ಡಿಗ್ರಿ ಏರಿದರೆ ವಿದ್ಯುತ್ ಬಳಕೆ ಸುಮಾರು ಶೇ. 1ರಷ್ಟು ಏರುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲಿ ಹೊರಗೆ 41 ಡಿಗ್ರಿ ಇದ್ದಾಗ, ತಗಡಿನ ಶೆಡ್ಡಿನ ಮೂಲೆಯಲ್ಲಿ, ಬಾಯ್ಲರ್ ಗೋಡೆಗೆ ಒತ್ತಿಕೊಂಡು, ತಾನೇ ಉಗುಳಿದ ಬಿಸಿ ಗಾಳಿಯನ್ನು ತಾನೇ ನುಂಗುತ್ತಾ ಕಂಪ್ರೆಸರ್ ನಿಂತಿರುತ್ತದೆ. ಗೋಡೆಯಲ್ಲಿ ಒಂದು ಕಿಂಡಿ ಕೊರೆದು ನೆರಳಿನ ಕಡೆಯ ಗಾಳಿ ಕೊಟ್ಟರೆ ಸಾಕು. ಒತ್ತಡವನ್ನೂ ಅಷ್ಟೇ, ‘ಇರಲಿ’ ಎಂದು ಚದರ ಸೆಂಟಿಮೀಟರಿಗೆ ಒಂದು ಕೆಜಿ ಹೆಚ್ಚು ಇಟ್ಟಿರುತ್ತಾರೆ. ಆ ಒಂದು ಕೆಜಿ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಶೇ. 6ರಿಂದ 10ರಷ್ಟು ಉಳಿಯುತ್ತದೆ.

ಬಾಯ್ಲರಿನಲ್ಲಿ ಉಳಿತಾಯ ಇನ್ನೂ ಹೆಚ್ಚು, ಆದರೆ ಹೊಟ್ಟು ಮನೆಯದೇ ಎಂಬ ಕಾರಣಕ್ಕೆ ಯಾರೂ ಗಮನ ಕೊಡುವುದಿಲ್ಲ. ಉರಿಸದೆ ಉಳಿದ ಹೊಟ್ಟಿಗೆ ಮಾರುಕಟ್ಟೆ ಇದೆ, ಬೆಲೆ ಇದೆ. ಬಾಯ್ಲರಿಗೆ ಹೋಗುವ ನೀರಿನ ಉಷ್ಣತೆ 6 ಡಿಗ್ರಿ ಏರಿದರೆ ಇಂಧನ ಸುಮಾರು ಶೇ. 1 ಉಳಿಯುತ್ತದೆ. ಡ್ರೈಯರಿನ ಉಗಿ ಕೊಳವೆಗಳಿಂದ ಹೊರಬರುವ ಬಿಸಿ ನೀರನ್ನು ಚರಂಡಿಗೆ ಬಿಡುವ ಬದಲು ಫೀಡ್ ಟ್ಯಾಂಕಿಗೆ ತಿರುಗಿಸಿ, 30 ಡಿಗ್ರಿಯ ನೀರನ್ನು 60ಕ್ಕೆ ತಂದರೆ ಶೇ. 5ರಷ್ಟು ಹೊಟ್ಟು ಉಳಿಯಿತು. ಚಿಮಣಿಯ ಹೊಗೆಯ ಉಷ್ಣತೆ 22 ಡಿಗ್ರಿ ಇಳಿದರೆ ಬಾಯ್ಲರಿನ ದಕ್ಷತೆ ಸುಮಾರು ಶೇ. 1 ಹೆಚ್ಚುತ್ತದೆ, ಕೊಳವೆಗಳ ಮಸಿಯನ್ನು ಸಮಯಕ್ಕೆ ಸರಿಯಾಗಿ ಕೆರೆಸಿದರೆ ಇದರಲ್ಲಿ ಬಹುಪಾಲು ಬರುತ್ತದೆ.

ಫ್ಯಾನು ಮತ್ತು ಬ್ಲೋವರ್‌ಗಳ ಡ್ಯಾಂಪರನ್ನು (ಗಾಳಿ ತಡೆಯುವ ಮುಚ್ಚಳವನ್ನು) ಅರ್ಧ ಮುಚ್ಚಿ ಓಡಿಸುವ ರೂಢಿ ಎಲ್ಲೆಡೆ ಇದೆ. ವೇಗವನ್ನೇ ಶೇ. 20ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕಿಸಿದ ಹಣ ಬೇಗ ಮರಳುವುದು ಇಂಥ ಜಾಗಗಳಲ್ಲಿ. ಸದಾ ಪೂರ್ಣ ಹೊರೆಯಲ್ಲಿ ಓಡುವ ಎಲಿವೇಟರ್ ಮೋಟಾರಿಗೆ ಅದನ್ನು ಹಾಕಿಸಿ ಎಂದು ಯಾರಾದರೂ ಬರೆದುಕೊಟ್ಟರೆ ಅವರು ಡ್ರೈವ್ ಮಾರುವವರು ಎಂದು ತಿಳಿಯಿರಿ.

ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಗ್ಗೆ ಬಿಲ್ಲೇ ಹೇಳುತ್ತದೆ. ಎಚ್‌ಟಿಯಲ್ಲಿ 0.90, ಎಲ್‌ಟಿಯಲ್ಲಿ (ಕಡಿಮೆ ವೋಲ್ಟೇಜಿನಲ್ಲಿ) 0.85ಕ್ಕಿಂತ ಕೆಳಗಿಳಿದರೆ ಸರ್‌ಚಾರ್ಜ್ ಬೀಳುತ್ತದೆ. ಕೆಪಾಸಿಟರ್ ಪೆಟ್ಟಿಗೆ ಗೋಡೆಯ ಮೇಲೆ ಇದೆ ಎಂದ ಮಾತ್ರಕ್ಕೆ ಅದರೊಳಗಿನ ಕೆಪಾಸಿಟರ್‌ಗಳು ಜೀವಂತವಾಗಿವೆ ಎಂದಲ್ಲ. ಕ್ಲಾಂಪ್ ಮೀಟರ್ ಹಿಡಿದರೆ ಒಂದೆರಡು ಸತ್ತಿರುವುದು ತಕ್ಷಣ ಗೊತ್ತಾಗುತ್ತದೆ.

ಜಿನ್ನಿಂಗ್ ಮಿಲ್ ರಾಯಚೂರು

ಎಲ್ಲರ ಬರಹವನ್ನೂ ಓದಿದೆ. ನಮ್ಮ ಕುಟುಂಬದ ಜಿನ್ನಿಂಗ್ ಮಿಲ್ಲಿನ ಲೆಕ್ಕಪತ್ರ ನೋಡುವವಳು ನಾನು. ನನ್ನದೊಂದು ಭಿನ್ನಾಭಿಪ್ರಾಯವಿದೆ. ‘ಚಿಕ್ಕವರಿಗೆ ಕಡ್ಡಾಯವಲ್ಲ’ ಎಂಬುದನ್ನು ನಾವೆಲ್ಲ ಒಳ್ಳೆಯ ಸುದ್ದಿಯೆಂದು ಓದುತ್ತಿದ್ದೇವೆ. ಶಕ್ತಿನಗರದ ಹಿರಿಯರ ಲೆಕ್ಕವನ್ನೇ ತೆಗೆದುಕೊಳ್ಳೋಣ: ಒಂದು ಗಿರಣಿಗೆ ವಿದ್ಯುತ್ತಿನಿಂದಲೇ 62 ಟಿಒಇ ಎಂದಾದರೆ ಅಂಥ 100 ಗಿರಣಿಗಳಿಗೆ 6,200. ಜವಳಿಯ ಒಂದು ಘಟಕ ಅದರ ಅರ್ಧದಷ್ಟು ಬಳಸಿದರೆ ಮಾನ್ಯತೆ ಪಡೆದ ಆಡಿಟರ್ ಬರಬೇಕು, ನಾವು ನೂರು ಜನ ಸೇರಿ ಎರಡು ಪಟ್ಟು ಬಳಸಿದರೂ ಕೇಳುವವರಿಲ್ಲ. ಇಡೀ ಕ್ಲಸ್ಟರನ್ನು (ಒಂದು ಊರಿನ ಒಂದೇ ಬಗೆಯ ಘಟಕಗಳ ಗುಂಪನ್ನು) ಒಂದು ಘಟಕವೆಂದು ಹಿಡಿದು, ಸಂಘದ ಮೂಲಕ ಆಡಿಟ್ಟನ್ನು ಕಡ್ಡಾಯ ಮಾಡಿ, ಖರ್ಚನ್ನು ಹಂಚಿದರೆ ಪ್ರತಿಯೊಬ್ಬರಿಗೂ ಭಾರ ಕಡಿಮೆ. ಒತ್ತಾಯವಿಲ್ಲದೆ ನಮ್ಮ ಮಿಲ್ಲುಗಳಲ್ಲಿ ಏನೂ ಆಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿಯೇ ನಾನು ಕಂಡ ಸತ್ಯ. ಸುಟ್ಟ ಮೋಟಾರನ್ನು ಮತ್ತೆ ಮತ್ತೆ ರಿವೈಂಡ್ ಮಾಡಿಸುವುದಕ್ಕೆ ಇರುವ ಹಣ ಹೊಸ ದಕ್ಷ ಮೋಟಾರಿಗೆ ಎಂದೂ ಇರುವುದಿಲ್ಲ.

ಇನ್ನು, ನಮ್ಮನ್ನು ಹೀಗೆ ತಟ್ಟಿ ಕೇಳುವ ಮೊದಲು ಕರೆಂಟ್ ಕೊಡುವವರ ನಷ್ಟದ ಲೆಕ್ಕವನ್ನು ಯಾರು ಕೇಳುತ್ತಾರೆ ಎಂಬುದೂ ನನ್ನ ಪ್ರಶ್ನೆ.

ಶಕ್ತಿನಗರ ನಿವೃತ್ತ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸುಲಭ. 2020ರ ಅಧಿಸೂಚನೆಯಿಂದ ದೇಶದ ಎಲ್ಲ ವಿತರಣಾ ಕಂಪನಿಗಳೂ ಡೆಸಿಗ್ನೇಟೆಡ್ ಕನ್ಸ್ಯೂಮರ್‌ಗಳು. ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಜೆಸ್ಕಾಂ ಕೂಡ. 2021ರ ನಿಯಮಾವಳಿಯಂತೆ ಅವರು ಪ್ರತಿ ತ್ರೈಮಾಸಿಕ ಮುಗಿದ 60 ದಿನಗಳೊಳಗೆ ವಿದ್ಯುತ್ ಜಮಾಖರ್ಚಿನ ವರದಿ ಕೊಡಬೇಕು, ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಆಡಿಟರಿಂದ ಆಡಿಟ್ ಮಾಡಿಸಬೇಕು. ಎಷ್ಟು ಕೊಂಡರು, ಎಷ್ಟು ಬಿಲ್ಲಾಯಿತು, ನಡುವೆ ಎಷ್ಟು ಕಳೆದುಹೋಯಿತು ಎಂಬುದು ಆ ವರದಿಯಲ್ಲಿ ಇರುತ್ತದೆ. ಓದುವ ತಾಳ್ಮೆ ಬೇಕು.

ಮೊದಲನೆಯ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಕಡ್ಡಾಯ ಎಂದೊಡನೆ ವರದಿಯ ಗುಣ ಕುಸಿಯುತ್ತದೆ. ಈಗ ಕಡ್ಡಾಯವಲ್ಲದ ಕಡೆಯೇ ಇಲ್ಲದ ಚಿಲ್ಲರ್‌ಗೆ ಸಲಹೆ ಬರೆಯುವವರು, ಕಡ್ಡಾಯವಾದ ದಿನ ಗಿರಣಿಯ ಮುಖವನ್ನೂ ನೋಡದೆ ವರದಿ ಮುದ್ರಿಸಿ ಕಳುಹಿಸುತ್ತಾರೆ. ಮೂರು ಜಿಲ್ಲೆಯ ಸಾವಿರಾರು ಸಣ್ಣ ಘಟಕಗಳಿಗೆ ಅಳೆದು ಬರೆಯುವ ಆಡಿಟರುಗಳು ಎಲ್ಲಿಂದ ಬರಬೇಕು?

ಜಿನ್ನಿಂಗ್ ಮಿಲ್ ರಾಯಚೂರು

ವರದಿ ಕಳಪೆಯಾಗುತ್ತದೆ ಎಂಬುದು ಮೇಲ್ವಿಚಾರಣೆಯ ದೋಷವೇ ಹೊರತು ನಿಯಮದ ದೋಷವಲ್ಲ, ಹಿರಿಯರೇ. ಹಾಗೆ ನೋಡಿದರೆ ಬಾಯ್ಲರ್ ತಪಾಸಣೆಯನ್ನೂ ಕಡ್ಡಾಯ ಮಾಡಬಾರದಿತ್ತು. ಸಂಘವೇ ಆಡಿಟರನ್ನು ಆರಿಸಿ, ಅಳತೆಯ ದಿನ ಸಂಘದ ಒಬ್ಬರು ಜೊತೆಗಿದ್ದರೆ ಮುದ್ರಿಸಿದ ವರದಿ ಬರುವುದಿಲ್ಲ.

ಗಿಣಿಗೇರಾ ಭಟ್ಟಿ

ಮೇಡಂ ಹೇಳುವುದರಲ್ಲಿ ಅರ್ಧವಾದರೂ ಕಡ್ಡಾಯವಿಲ್ಲದೆಯೇ ಆಗಬಹುದು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದು ಬಿಇಇ 2025ರಲ್ಲಿ ಬಡ್ಡಿ ಸಹಾಯದ ಒಂದು ಯೋಜನೆ ಆರಂಭಿಸಿದೆ. ದಕ್ಷ ಯಂತ್ರ ಕೂರಿಸಿ ಕನಿಷ್ಠ ಶೇ. 10ರಷ್ಟು ಇಂಧನ ಉಳಿಸುವುದಾದರೆ, ಆ ಸಾಲದ ಬಡ್ಡಿಯಲ್ಲಿ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಶೇ. 5, ಮಧ್ಯಮ ಘಟಕಗಳಿಗೆ ಶೇ. 3 ರಿಯಾಯಿತಿ ಸಿಗುತ್ತದೆ. ಹೂಡಿಕೆಗೆ ಮುನ್ನ ಮಾಡಿಸುವ ಆಡಿಟ್ಟಿಗೂ ನೆರವಿದೆ. ಆಹಾರ ಸಂಸ್ಕರಣೆ, ಜವಳಿ, ಉಕ್ಕಿನ ರೀರೋಲಿಂಗ್ ಸೇರಿ 14 ವಲಯಗಳು ಅದರಲ್ಲಿವೆ. ಮೊದಲ ಹಂತದಲ್ಲಿ 60 ಕ್ಲಸ್ಟರುಗಳನ್ನು ಆರಿಸಿಕೊಂಡಿರುವುದರಿಂದ, ಅರ್ಜಿ ಹಾಕುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿ ಉಳಿತಾಯವನ್ನು ಅಳತೆಯಿಂದ ತೋರಿಸಬೇಕಾದ್ದರಿಂದ ಪೊಳ್ಳು ವರದಿ ನಡೆಯುವುದಿಲ್ಲ.

ಕಾರಟಗಿ ರೈಸ್‌ಮಿಲ್

ಎಲ್ಲರಿಗೂ ಧನ್ಯವಾದ. ಪತ್ರ ಕಳುಹಿಸಿದ ಸಂಸ್ಥೆಗೆ ಮೂರು ವಿಷಯ ಕೇಳಿ ಉತ್ತರ ಬರೆದೆ: ನಿಮ್ಮ ಮಾನ್ಯತೆಯ ನೋಂದಣಿ ಸಂಖ್ಯೆ ಯಾವುದು, ನನ್ನ ಗಿರಣಿಯನ್ನು ಹೆಸರಿಸಿದ ಅಧಿಸೂಚನೆ ಯಾವುದು, ನೋಟಿಸು ಕೊಡುವ ಅಧಿಕಾರ ನಿಮಗೆ ಕೊಟ್ಟವರು ಯಾರು. ಅವರಿಂದ ಫೋನ್ ಬಂದಿತು. ‘ಸರ್, ಅದು ಕೇವಲ ಮಾಹಿತಿ ಪತ್ರ’ ಎಂದರು. ಬರವಣಿಗೆಯಲ್ಲಿ ಕೊಡಿ ಎಂದೆ, ಆಮೇಲೆ ಸುದ್ದಿಯಿಲ್ಲ. ಕ್ರೆಡಲ್‌ಗೂ ಪತ್ರದ ಪ್ರತಿ ಸೇರಿಸಿ ಬರೆದಿದ್ದೇನೆ. ಗಂಗಾವತಿ, ಕಾರಟಗಿಯ ಮಿಲ್ಲಿನವರ ಸಭೆಯಲ್ಲಿ ಈ ಚರ್ಚೆಯನ್ನು ಓದಿ ಹೇಳುವವನಿದ್ದೇನೆ. ಮೇಡಂ ಹೇಳಿದ ಸಂಘದ ಮೂಲಕ ಆಡಿಟ್ ಎಂಬ ಸಲಹೆಯನ್ನೂ ಮುಂದಿಡುತ್ತೇನೆ.

ಗಡಿಯಾರದ ಪರೀಕ್ಷೆಯನ್ನು ನಮ್ಮಲ್ಲಿ ಮಾಡಿ ನೋಡಿದೆವು. ಫಲಿತಾಂಶ ಇಲ್ಲಿ ಬರೆಯುವಷ್ಟು ಹೆಮ್ಮೆಯದಲ್ಲ. ಆಡಿಟರ್ ಸಾಹೇಬರಿಗೆ ಒಂದು ಪ್ರಶ್ನೆ: ಸರಿಯಾದ ಆಡಿಟ್ ಮಾಡಿಸುವುದಾದರೆ ಯಾವ ತಿಂಗಳು ಒಳ್ಳೆಯದು, ನಾವು ಮೊದಲೇ ಏನು ಸಿದ್ಧ ಮಾಡಿಕೊಳ್ಳಬೇಕು?

ರಾಯಚೂರು ಆಡಿಟರ್

ಗಿರಣಿ ಪೂರ್ಣ ಹೊರೆಯಲ್ಲಿ ನಡೆಯುವ ಕಾಲದಲ್ಲಿಯೇ ಮಾಡಿಸಿ. ಮುಂಗಾರು ಭತ್ತ ಬಂದು ಡ್ರೈಯರ್ ಹಗಲು ರಾತ್ರಿ ಓಡುವ ಡಿಸೆಂಬರ್, ಜನವರಿ ತಿಂಗಳು ನಿಮ್ಮ ಭಾಗಕ್ಕೆ ಸೂಕ್ತ. ಆಗ ಪುರುಸೊತ್ತಿಲ್ಲ ಎಂದು ಗಿರಣಿ ನಿಂತಿರುವ ತಿಂಗಳಲ್ಲಿ ಕರೆಸಿದರೆ ನಾವು ಅಳೆಯುವುದು ನಿಂತ ಗಿರಣಿಯನ್ನು. ಕಂಪ್ರೆಸರ್ ಗಾಳಿಯ ಉಷ್ಣತೆಗೆ ಮಾತ್ರ ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಬಂದು ಹೋಗುತ್ತೇವೆ.

ಹಿಂದಿನ 12 ತಿಂಗಳ ಕರೆಂಟ್ ಬಿಲ್ಲು, ತಿಂಗಳುವಾರು ಅರೆದ ಭತ್ತದ ಕ್ವಿಂಟಲ್, ಪ್ರತಿ ಮೋಟಾರಿನ ನೇಮ್‌ಪ್ಲೇಟ್ ಫೋಟೋ, ಯಾವ ಮೋಟಾರನ್ನು ಎಷ್ಟು ಸಲ ರಿವೈಂಡ್ ಮಾಡಿಸಿದ್ದೀರಿ ಎಂಬ ವಿವರ ಇಷ್ಟಿದ್ದರೆ ಕೆಲಸ ಅರ್ಧ ಮುಗಿದಂತೆ. ಯಾವ ಗಿರಣಿಯಲ್ಲಿಯೂ ಸಿಗದ ಒಂದು ದಾಖಲೆ ಎಂದರೆ ಬಾಯ್ಲರಿಗೆ ಹೋದ ಹೊಟ್ಟಿನ ತೂಕ. ಮಾರಿದ ಹೊಟ್ಟಿಗೆ ವೇಬ್ರಿಡ್ಜ್ ಚೀಟಿ ಇರುತ್ತದೆ, ಉರಿಸಿದ್ದಕ್ಕೆ ಅಂದಾಜೂ ಇರುವುದಿಲ್ಲ. ಅದಕ್ಕೊಂದು ಪುಸ್ತಕ ಇಟ್ಟು, ವಾರಕ್ಕೆ ಒಂದು ದಿನವಾದರೂ ಬಾಯ್ಲರಿಗೆ ಹೋಗುವ ಹೊಟ್ಟನ್ನು ತೂಗಿ ಬರೆಯಲು ಫೈರ್‌ಮನ್‌ಗೆ ಹೇಳಿ. ಡಿಸೆಂಬರಿನಲ್ಲಿ ನಾನು ಬಂದಾಗ ಮೊದಲು ಕೇಳುವುದು ಅದನ್ನೇ.